ಬೀರುವಿನ ಬದಲಿಗೆ ಗ್ರಾಫಿಕ್ಸ್ ಕಾರ್ಡು

ನಾನು ನಿಂತಿದ್ದದ್ದು ಕೊಯಮತ್ತೂರಿನ ಗಾಂಧಿಪುರದಲ್ಲಿ, ಒಂದು ಕಂಪ್ಯೂಟರ್ ಅಂಗಡಿಯ ಮಹಡಿಯ ಮೇಲೆ, ಬಿಲ್ಲು ಹಾಕುವ ಮೇಜಿಗೂ ಕುಡಿಯುವ ನೀರಿನ ಕ್ಯಾನಿಗೂ ನಡುವೆ. ಕಳೆದ ವರ್ಷದ ಆಡಿ ತಿಂಗಳ, ಅಂದರೆ ತಮಿಳರ ಆಷಾಢದ, ಕೊನೆಯ ಭಾನುವಾರ. ಊಟದ ಹೊತ್ತು ಇನ್ನೂ ಆಗಿರಲಿಲ್ಲ. ಕ್ಯಾನಿನ ನಲ್ಲಿ ತಿರುಗಿಸಿ ಲೋಟಕ್ಕೆ ನೀರು ಬಿಡುತ್ತಿದ್ದೆ. ಲೋಟ ತುಂಬಿತು, ಚೆಲ್ಲಿತು, ನನ್ನ ಎಡಗಾಲಿನ ಚಪ್ಪಲಿ ಪೂರ್ತಿ ನೆನೆಯಿತು. ಆದರೂ ನಾನು ನಲ್ಲಿ ನಿಲ್ಲಿಸಲಿಲ್ಲ. ಯಾಕೆಂದರೆ ನನ್ನ ಮಗಳು ಗೋಮತಿಯೂ ಅವಳನ್ನು ಮದುವೆಯಾಗಬೇಕಿದ್ದ ಪ್ರಭುವೂ ಎರಡು ಡಬ್ಬಗಳನ್ನು ಮುಂದಿಟ್ಟುಕೊಂಡು ಜಗಳವಾಡುತ್ತಿದ್ದರು. ಮದುವೆ ಪತ್ರಿಕೆ ಅಚ್ಚಾಗಿ ಬಂದು ನಮ್ಮ ದೇವರ ಗೂಡಿನಲ್ಲಿತ್ತು. ಮೂಲೆಗಳಿಗೆ ಅರಿಶಿನ ಹಚ್ಚಿಯೂ ಆಗಿತ್ತು. ಅರಿಶಿನ ಹಚ್ಚಿದ ಪತ್ರಿಕೆಯನ್ನು ಮದುವೆ ಮುರಿದರೆ ಏನು ಮಾಡುತ್ತಾರೆ, ಹೇಳಿ? ನನಗೂ ಗೊತ್ತಿರಲಿಲ್ಲ.

ಇದೆಲ್ಲ ಮತ್ತೆ ನೆನಪಾದದ್ದು ನಿನ್ನೆ. ನನ್ನ ಹೆಂಡತಿ ವಸಂತ ಅಡುಗೆಮನೆಯ ಅಟ್ಟದಿಂದ ಆ ಎರಡರಲ್ಲಿ ಒಂದು ಡಬ್ಬವನ್ನು ಇಳಿಸಿ, ಅದರಿಂದ ಹಪ್ಪಳ ತೆಗೆದಳು. ಒಳ್ಳೆಯ ಗಟ್ಟಿ ಡಬ್ಬ. ಒಳಗೆ ಸ್ಪಂಜಿನ ಹಾಸು ಇರುವುದರಿಂದ ಹಪ್ಪಳ ಮುರಿಯುವುದಿಲ್ಲ. ಅದು ಯಾವ ಬಣ್ಣದ ಡಬ್ಬ ಎಂದು ಈಗಲೇ ಹೇಳುವುದಿಲ್ಲ. ನಾನು ಗಿರಣಿಯಲ್ಲಿ ಬಟ್ಟೆ ತಪಾಸಣೆ ಮಾಡಿದವನು. ಥಾನನ್ನು ತುದಿಯಿಂದಲೇ ಬಿಚ್ಚಿ ನೋಡುವುದು ನನಗೆ ಅಭ್ಯಾಸ. ನಡುವಿನಿಂದ ಎಳೆದರೆ ಕಣ್ಣು ತಪ್ಪುತ್ತದೆ.

ನಮ್ಮದು ನೇಯುವವರ ಕುಲ. ಪೆರಿಯನಾಯಕನಪಾಳ್ಯಕ್ಕೆ ಯಾವ ತಲೆಮಾರಿನಲ್ಲಿ ಬಂದೆವೋ ಯಾರಿಗೂ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮಲ್ಲಿ ಕನ್ನಡ ಓದಬಲ್ಲವರು ಕಡಿಮೆ. ನನಗೆ ಅಕ್ಷರ ಬಂದದ್ದು ಅಪ್ಪನಿಂದ. ಅಪ್ಪನಿಗೆ ಬಂದದ್ದು ಕೊಳ್ಳೇಗಾಲಕ್ಕೆ ರೇಷ್ಮೆ ನೂಲು ತರಲು ಹೋಗುತ್ತಿದ್ದಾಗ ಅಂಗಡಿಗಳ ಹಲಗೆ ನೋಡಿ. ಹೀಗಾಗಿ ನಾನು ಮೊದಲು ಓದಲು ಕಲಿತ ಕನ್ನಡದ ಮಾತು ‘ಸಾಲ ಕೇಳಬೇಡಿ’.

ಮದುವೆಯೆಂದರೆ ಹೆಣ್ಣಿನ ಮನೆಯವರು ಸೀರು ಕಳಿಸಬೇಕು: ಮಂಚ, ಹಾಸಿಗೆ, ಪಾತ್ರೆ ಮತ್ತು ಕಬ್ಬಿಣದ ಬೀರು. ಬೀರು ಇಲ್ಲದ ಸೀರು ಸೀರೇ ಅಲ್ಲ. ಟೆಂಪೋದಲ್ಲಿ ಬೀರುವನ್ನು ನಿಲ್ಲಿಸಿ, ಅದರ ಕನ್ನಡಿಯಲ್ಲಿ ಇಡೀ ಬೀದಿ ಕಾಣುವ ಹಾಗೆ ನಿಧಾನವಾಗಿ ಹೋಗಬೇಕು. ಗೋಮತಿ, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಉಡುಪಿನ ನಕ್ಷೆ ಮಾಡುವವಳು, ಒಂದು ದಿನ ಬಸ್ಸಿಳಿದು ಬಂದವಳೇ ಹೇಳಿದಳು:

“ಅಪ್ಪಾ, ನಂಗೆ ಬೀರು ಬ್ಯಾಡ. ಆ ದುಡ್ಡಿಗೆ ಗೇಮಿಂಗ್ ಪಿಸಿ ಕೊಡ್ಸು.”

“ಸೀರೆ ಎಲ್ಲಿ ಇಡ್ತೀ?” ಎಂದಳು ವಸಂತ.

“ಅವ್ರ ಮನೇಲಿ ಗೋಡೇಲೇ ಅಲ್ಮೇರಾ ಇದೆಮ್ಮಾ.”

“ಅದು ಅವರ ಅಲ್ಮೇರಾ. ನಿನ್ ಬೀರು ಎಲ್ಲಿ?”

ಆ ಪ್ರಶ್ನೆಯನ್ನು ವಸಂತ ರಾತ್ರಿ ಬಡಿಸುವಾಗಲೂ ಕೇಳಿದಳು. ಆದರೆ ನಾನು ಒಪ್ಪಿದೆ. ಒಪ್ಪಲು ಕಾರಣವಿತ್ತು. ಪ್ರಭು ಅನ್ನೂರಿನ ಹುಡುಗ, ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಡಿಸೈನ್ ಎಂಜಿನಿಯರು. ಹೆಣ್ಣು ನೋಡಲು ಬಂದ ದಿನ, ಸ್ವಲ್ಪ ಮಾತಾಡಿಕೊಳ್ಳಲಿ ಎಂದು ಇಬ್ಬರನ್ನೂ ಮಹಡಿಗೆ ಕಳಿಸಿದೆವು. ಎಷ್ಟು ಹೊತ್ತಾದರೂ ಇಳಿಯಲಿಲ್ಲ. ಬೋಂಡ ಆರಿಹೋಯಿತು. ಕೊನೆಗೆ ಬಂದಾಗ ಇಬ್ಬರೂ ನಗುತ್ತಿದ್ದರು. ಇಬ್ಬರೂ ಆಡುವುದು ಒಂದೇ ಆಟವಂತೆ. ಅಂದಿನಿಂದ ಸಂಜೆ ಕೆಲಸ ಮುಗಿಸಿ ಬಂದು ಇವಳು ಇಲ್ಲಿ, ಅವನು ಅನ್ನೂರಿನಲ್ಲಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಆಟ. “ಹಿಂದೆ ಬಾಂಗೋ, ನಾನ್ ಕಾಯ್ತೀನಿ... ಅಯ್ಯೋ ಸತ್ ಹೋದ್ರಾ? ಪರವಾಯಿಲ್ಲ, ಇನ್ನೊಂದ್ಸಲ ಹುಟ್ಟಿ ಬಾಂಗೋ.” ಮೊದಲ ಸಲ ಇದನ್ನು ಕೇಳಿ ವಸಂತ ಒಗ್ಗರಣೆ ಬಿಟ್ಟು ಓಡಿ ಬಂದಿದ್ದಳು. ಆಮೇಲೆ ಅಭ್ಯಾಸವಾಯಿತು. ಮಗಳ ನಗುವಿಗೆ ಕಿವಿಗೊಟ್ಟು ಊಟ ಮಾಡುವುದು ನನಗೂ ಅಭ್ಯಾಸವಾಯಿತು. ಆ ನಗುವಿನ ಮುಂದೆ ಒಂದು ಕಬ್ಬಿಣದ ಬೀರು ದೊಡ್ಡದೇ?

ಮದುವೆಯಾದ ಮೇಲೆ ಮನೆಯಲ್ಲಿ ಒಂದೇ ಯಂತ್ರ, ಸರದಿಯ ಮೇಲೆ ಆಟ ಎಂದು ತೀರ್ಮಾನವಾಯಿತು. ಪೆಟ್ಟಿಗೆ, ಪರದೆ, ಕೀಲಿಮಣೆ ಎಲ್ಲದರಲ್ಲೂ ಇಬ್ಬರೂ ಒಪ್ಪಿದರು. ಉಳಿದದ್ದು ಗ್ರಾಫಿಕ್ಸ್ ಕಾರ್ಡು. ಆಟದ ಚಿತ್ರವನ್ನೆಲ್ಲ ಬಿಡಿಸಿ ಪರದೆಗೆ ಕಳಿಸುವುದು ಅದೇ ಅಂತೆ. ಆಡಿ ತಳ್ಳುಬಡಿಯಲ್ಲಿ, ಅಂದರೆ ಆ ತಿಂಗಳ ರಿಯಾಯಿತಿ ಮಾರಾಟದಲ್ಲಿ, ಎರಡು ಕಾರ್ಡುಗಳ ಬೆಲೆ ಒಂದೇ ಆಗಿ ನಿಂತಿತು. ಒಂದು ಹಸಿರು ಡಬ್ಬ, ಒಂದು ಕೆಂಪು ಡಬ್ಬ.

ಬೆಲೆ ಒಂದೇ ಆದದ್ದೇ ಅನಾಹುತ. ಬೆಲೆ ಬೇರೆ ಬೇರೆ ಇದ್ದಾಗ ನಮ್ಮಂಥವರಿಗೆ ಬಡತನವೇ ಆರಿಸಿ ಕೊಟ್ಟುಬಿಡುತ್ತದೆ. ಬೆಲೆ ಒಂದೇ ಆದಾಗ ನಾವೇ ಆರಿಸಬೇಕು, ನಾವು ಎಂಥವರು ಎಂಬುದು ಆಗ ಹೊರಗೆ ಬೀಳುತ್ತದೆ. ನನ್ನ ಅಪ್ಪ ಒಂದೇ ಬೆಲೆಯ ಎರಡು ನೂಲುಂಡೆ ಸಿಕ್ಕರೆ ಒಂದೊಂದನ್ನೂ ಕೆನ್ನೆಗೆ ಉಜ್ಜುತ್ತಿದ್ದ, ಮೂಸುತ್ತಿದ್ದ, ಎಳೆಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದ. ಆಮೇಲೆ ಅಂಗಡಿಯವನ ಮುಖ ನೋಡಿ ಎರಡನ್ನೂ ಕೆಳಗಿಟ್ಟು ಬರುತ್ತಿದ್ದ. ಮನೆಯಲ್ಲಿ ಅಮ್ಮ ಖಾಲಿ ಮಗ್ಗದ ಮುಂದೆ ಕೂತು ಕೇಳುತ್ತಿದ್ದಳು: “ಎರಡೂ ಚೆನ್ನಾಗಿತ್ತಾ?” “ಆಮಾ, ಎರಡೂ ಚೆನ್ನಾಗಿತ್ತು.” “ಅದಕ್ಕೇ ಎರಡೂ ಬಿಟ್ ಬಂದ್ರಾ?” ಅಪ್ಪ ಅಂಗಿ ಕಳಚಿ ಗೂಟಕ್ಕೆ ಹಾಕುತ್ತಿದ್ದ. ಒಂದು ದೀಪಾವಳಿಗೆ ಅವನು ಅಮ್ಮನಿಗೆ ಇದೇ ರೀತಿ ಸೀರೆ ಆರಿಸಲು ಹೋಗಿ ಬಕೆಟ್ಟು ತಂದಿದ್ದ.

ಕಾರ್ಡಿಗೆ ಬರುತ್ತೇನೆ. ಅಂಗಡಿಗೆ ಮೊದಲ ಸಲ ಹೋದಾಗ ಅಂಗಡಿಯವರು, ಹೆಸರು ಮುರುಗೇಶ, ಎರಡು ಪರದೆಗಳಲ್ಲಿ ಒಂದೇ ಆಟ ಓಡಿಸಿ ತೋರಿಸಿದರು. ಒಂದಕ್ಕೆ ಹಸಿರು, ಒಂದಕ್ಕೆ ಕೆಂಪು. ಮಳೆ ಬಿದ್ದ ಬೀದಿ. ಗುಂಡಿಯಲ್ಲಿ ನಿಂತ ನೀರಿನಲ್ಲಿ ಅಂಗಡಿಯ ದೀಪ ಕಾಣುತ್ತಿತ್ತು.

“ನೋಡಪ್ಪಾ, ಹಸಿರಲ್ಲಿ ಬೆಳಕು ಎಷ್ಟು ಚೆನ್ನಾಗಿ ಬೀಳುತ್ತೆ!” ಎಂದಳು ಗೋಮತಿ. “ಎರಡು ಚಿತ್ರದ ನಡುವೆ ತಾನೇ ಒಂದು ಚಿತ್ರ ಬರ್ಕೊಂಡು ನುಣ್ಣಗೆ ಜಾರಿದಂಗೆ ಓಡ್ಸುತ್ತೆ.”

“ಅದು ನಿಜವಾದ ಚಿತ್ರ ಅಲ್ಲ ಮಾಮಾ, ಊಹೆ,” ಎಂದ ಪ್ರಭು. “ಕೆಂಪಲ್ಲಿ ಮೆಮೊರಿ ಎರಡರಷ್ಟು. ಇನ್ನು ನಾಲ್ಕು ವರ್ಷ ಆದ್ಮೇಲೂ ತೊಂದ್ರೆ ಇಲ್ದಂಗೆ ಆಡ್ಬಹುದು.”

ನಾನು ಕನ್ನಡಕ ಒರೆಸಿ ಎರಡನ್ನೂ ನೋಡಿದೆ. ಸಾವಿರ ಎಳೆಯಲ್ಲಿ ತಪ್ಪಿದ ಒಂದು ಎಳೆಯನ್ನು ಹಿಡಿದ ಕಣ್ಣು ಇದು. ಏನೂ ಕಾಣಲಿಲ್ಲ. ಎರಡೂ ಬೀದಿಗಳಲ್ಲಿ ಒಂದೇ ಕೊಚ್ಚೆ. ನಮ್ಮ ಬೀದಿಯಲ್ಲೂ ಅಂಥದೇ ಇದೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳಿದೆ. ಹೇಳಬಾರದಿತ್ತು. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು, ಆಮೇಲೆ ಒಬ್ಬರ ಕಡೆ ಒಬ್ಬರು ತಿರುಗಿದರು.

ಪ್ರಭುವಿನ ತಾಯಿ ಸರಸಕ್ಕ ನಮ್ಮ ಜೊತೆ ಬಂದಿದ್ದರು. ಗಂಡ ತೀರಿಕೊಂಡ ಮೇಲೆ ಅನ್ನೂರಿನಲ್ಲಿ ನಾಲ್ಕು ಪವರ್ ಲೂಮು ಓಡಿಸಿ ಮಗನನ್ನು ಓದಿಸಿದ ಹೆಂಗಸು. ಲೂಮಿನ ಸದ್ದಿನಲ್ಲೇ ಬದುಕಿದ್ದರಿಂದ ಗಟ್ಟಿಯಾಗಿಯೇ ಮಾತಾಡುತ್ತಾರೆ.

“ನೆನಪು ಜಾಸ್ತಿ ಇರೋದಾ?” ಎಂದರು ಇಡೀ ಮಹಡಿಗೆ ಕೇಳುವಂತೆ. “ಬ್ಯಾಡ ಸಾಮಿ. ನಮ್ಮತ್ತೆಗೆ ನೆನಪು ಜಾಸ್ತಿ ಇತ್ತು. ನಾನ್ ಪಟ್ಟ ಪಾಡು ನಂಗೇ ಗೊತ್ತು. ನೆನಪು ಕಮ್ಮಿ ಇರೋದೇ ತಗೋ.”

“ಅಮ್ಮಾ, ನೀನು ಪೇಸಾಮ ಇರು, ಮಾತಾಡ್ಬ್ಯಾಡ,” ಎಂದ ಪ್ರಭು.

“ಅತ್ತೆ ಸರಿಯಾಗೇ ಹೇಳ್ತಿದಾರೆ,” ಎಂದಳು ಗೋಮತಿ.

ಅಲ್ಲಿಗೆ ಮುಗಿಯಿತು. ಆ ಸಂಜೆ ನಮ್ಮ ಮನೆಯಲ್ಲಿ ಯಾರೂ ಸಾಯಲಿಲ್ಲ, ಯಾರೂ ಮತ್ತೆ ಹುಟ್ಟಿ ಬರಲಿಲ್ಲ. ಮರುದಿನವೂ ಇಲ್ಲ. ಗೋಮತಿ ಊಟ ಮಾಡಿ ತಟ್ಟೆ ತೊಳೆದು ಮಲಗುತ್ತಿದ್ದಳು. ಆಡಿ ತಿಂಗಳಲ್ಲಿ ಹೊಸ ಗಂಡಹೆಂಡಿರನ್ನೇ ಬೇರೆ ಇಡುವ ಪದ್ಧತಿ ನಮ್ಮಲ್ಲಿದೆ. ಹಾಗಾಗಿ ನೆಂಟರು ಕೇಳಿದರೆ ಆಡಿ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅನ್ನೂರಿನಿಂದ ಸರಸಕ್ಕನ ಫೋನು ಬಂತು. ಬೀಗರನ್ನು ನಮ್ಮಲ್ಲಿ ಸಮ್ಮಂದಿ ಎಂದು ಕರೆಯುತ್ತಾರೆ.

“ಸಮ್ಮಂದಿ, ಇಲ್ಲಿ ಇವನೂ ಊಟ ಮಾಡ್ತಿಲ್ಲ. ನಿನ್ನೆ ಏನಂದ ಗೊತ್ತಾ? ‘ಒಂದು ಕಾರ್ಡಲ್ಲೇ ಒಪ್ಪಂದ ಆಗಲ್ಲ, ಇನ್ನು ಬಾಳು ಹೆಂಗಮ್ಮಾ’ ಅಂದ.”

ಅದೇ ಮಾತನ್ನು ಅದೇ ವಾರ ಗೋಮತಿ ವಸಂತಳಿಗೆ ಹೇಳಿದ್ದಳು. ಇದು ನಾನು ಕೇಳಿದ್ದಲ್ಲ, ವಸಂತ ನನಗೆ ಹೇಳಿದ್ದು.

“ಒಂದೇ ದಾರಿ,” ಎಂದರು ಸರಸಕ್ಕ. “ಅಮ್ಮನ ಹತ್ರ ಹೂ ಕೇಳೋಣ.”

ಹೂ ಕೇಳುವುದು ನಮ್ಮ ಕಡೆಯ ಪದ್ಧತಿ. ಬಾವಿ ತೋಡುವುದಿರಲಿ, ಮಗ್ಗ ಕೊಳ್ಳುವುದಿರಲಿ, ಹೆಣ್ಣು ಕೊಡುವುದಿರಲಿ, ದೇವಿಯ ಪಾದದಲ್ಲಿ ಬಿಳಿಯ ಹೂವೊಂದು, ಕೆಂಪು ಹೂವೊಂದು ಎಲೆಯಲ್ಲಿ ಸುತ್ತಿ ಇಡುತ್ತಾರೆ. ಪ್ರಶ್ನೆ ಹೇಳಿ ಒಂದು ಪೊಟ್ಟಣ ಎತ್ತಿಸುತ್ತಾರೆ. ಬಿಳಿ ಬಂದರೆ ಸರಿ, ಕೆಂಪು ಬಂದರೆ ಬೇಡ. ನಮ್ಮ ಚೌಡಮ್ಮ ಹೀಗೆ ಎಷ್ಟೋ ಮದುವೆ ನಿಲ್ಲಿಸಿದ್ದಾಳೆ. ಈ ಮಕ್ಕಳ ಜಾತಕ ಕೂಡಿದಾಗಲೂ ಅವಳನ್ನೇ ಕೇಳಿದ್ದೆವು. ಆಗ ಬಿಳಿ ಬಂದಿತ್ತು. ಎಂಜಿನಿಯರು ಹುಡುಗ, ಡಿಸೈನರು ಹುಡುಗಿ, ಇಬ್ಬರೂ ಈ ಮಾತಿಗೆ ಒಂದು ಕ್ಷಣವೂ ನಗಲಿಲ್ಲ, ಒಪ್ಪಿಬಿಟ್ಟರು. ಅಮ್ಮನ ಮುಂದೆ ವಾದವಿಲ್ಲ.

ಶುಕ್ರವಾರ ಗುಡಿಯಲ್ಲಿ ಆಡಿಯ ಜನ. ಅಮ್ಮನ ಪ್ರಸಾದದ ಕೂಳು, ಅಂದರೆ ಅಂಬಲಿ, ಕುಡಿಯುವವರ ಸಾಲು ಬೀದಿಯವರೆಗೆ. ಪೂಜಾರಿಗೆ ಬೆವರು ಒರೆಸಲೂ ಪುರುಸೊತ್ತಿಲ್ಲ.

“ಏನು ಕೇಳ್ವಿ?” ಎಂದರು.

“ಸಾಮಿ, ಒಂದು ಹಸಿರು ಡಬ್ಬ, ಒಂದು ಕೆಂಪು ಡಬ್ಬ...” ಎಂದು ಸರಸಕ್ಕ ಶುರು ಮಾಡಿದರು. “ಕೆಂಪು ಹೂ ಬಂದ್ರೆ ಕೆಂಪು ಡಬ್ಬಾನಾ? ಹಸಿರಿಗೆ ಹಸಿರು ಹೂವು ಇದೆಯಾ?”

“ತಾಯೀ, ಹಿಂದೆ ಜನ ನಿಂತಿದಾರೆ. ಮನಸ್ಸಲ್ಲೇ ಕೇಳ್ಕೊಳ್ಳಿ. ಅಮ್ಮನಿಗೆ ತಿಳೀತದೆ.”

ನಾವು ಐವರೂ ಕಣ್ಣು ಮುಚ್ಚಿದೆವು. ಪೂಜಾರಿ ಒಂದು ಪೊಟ್ಟಣ ಎತ್ತಿ ಬಿಚ್ಚಿದರು. ಬಿಳಿ.

ಆಗ ನಾನು ನನ್ನ ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ನಾಲ್ಕು ಮುಖಗಳೂ ಅರಳಿದವು, ನನ್ನದೂ ಅರಳಿರಬೇಕು. ಇಂಥ ಸುಖವನ್ನು ನಾನು ನಮ್ಮ ಎರಡು ಮನೆಗಳಲ್ಲಿ ಒಟ್ಟಿಗೆ ಕಂಡದ್ದೇ ಇಲ್ಲ. ಅದು ಗುಡಿಯ ಮೆಟ್ಟಿಲು ಇಳಿಯುವವರೆಗೆ ಇತ್ತು.

“ಆಯ್ತಲ್ಲ, ಹಸಿರೇ,” ಎಂದಳು ಗೋಮತಿ.

“ಹಸಿರಾ? ನಾನ್ ಕೇಳಿದ್ದು ಕೆಂಪು ತಗೊಳ್ಬಹುದಾ ಅಂತ,” ಎಂದ ಪ್ರಭು.

“ನಾನ್ ಕೇಳಿದ್ದು ಹಸಿರು ತಗೊಳ್ಬಹುದಾ ಅಂತ!”

ಸರಸಕ್ಕ ಇಬ್ಬರನ್ನೂ ನೋಡಿದರು. “ಇದೇನು ಮಕ್ಳಾ? ನಾನ್ ಕೇಳಿದ್ದು ಮದ್ವೆಗೆ ಗೊತ್ತು ಮಾಡಿದ ಆ ಅಡುಗೆಯವನನ್ನ ಬಿಟ್ಟು ಬೇರೆಯವನಿಗೆ ಹೇಳ್ಬಹುದಾ ಅಂತ. ಅವನ ಸಾಂಬಾರು ನೀರು.”

ನಾನು ವಸಂತಳ ಕಡೆ ನೋಡಿದೆ. ಅವಳು ನೆಲ ನೋಡಿದಳು. “ಬೀರು ಒಂದು ತಂದ್ಬಿಡೋಣ್ವಾ ಅಂತ ಕೇಳ್ದೆ,” ಎಂದಳು.

ನಾನು ಕೇಳಿದ್ದು ಮದುವೆ ನಡೆಯುತ್ತದೆಯೇ ಎಂದು. ಅದನ್ನು ಆಗ ಯಾರಿಗೂ ಹೇಳಲಿಲ್ಲ.

ಮತ್ತೆ ಒಳಗೆ ಹೋಗಿ ಪೂಜಾರಿಯನ್ನು ಕೇಳಿದೆವು. ಅವರು ಕೈ ಮುಗಿದರು, ನಮಗೆ. “ಒಂದು ಹೂವಿಗೆ ಐದು ಕೇಳ್ವಿಯಾ? ಅಮ್ಮನ ಗುಡಿ ಅಂತ ನೆನ್ಸಿದೀರಾ, ರೇಷನ್ ಅಂಗಡಿ ಅಂತ ನೆನ್ಸಿದೀರಾ? ಕೊಟ್ಟ ವಾಕ್ಕು ಕೊಟ್ಟಾಯ್ತು. ಎರಡನೇ ಸಲ ಕೇಳಿದ್ರೆ ಅಮ್ಮನ್ನ ಪರೀಕ್ಷೆ ಮಾಡ್ದಂಗೆ. ಹೋಗಿ ಕೂಳು ಕುಡೀರಿ.”

ಕುಡಿದೆವು. ಐವರಿಗೂ ಅಮ್ಮ ಸರಿ ಎಂದಿದ್ದಳು. ಅನ್ನೂರಿನ ಬಸ್ಸು ಬಂದಾಗ ಪ್ರಭು ಗೋಮತಿಗೆ ‘ಬರ್ತೀನಿ’ ಎನ್ನಲಿಲ್ಲ. ಸರಸಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಭಾನುವಾರ ಅಂಗಡಿಗೆ ಬಂದ್ಬಿಡಿ ಸಮ್ಮಂದಿ, ಏನಾದ್ರೂ ಒಂದು ಆಗ್ಲಿ,” ಎಂದರು. ನಾನು ಮನೆಗೆ ಬಂದು ದೇವರ ಗೂಡಿನಿಂದ ಪತ್ರಿಕೆ ತೆಗೆದು ಮದುವೆಯ ತಾರೀಖನ್ನು ಮತ್ತೊಮ್ಮೆ ಓದಿದೆ.

ಆ ಭಾನುವಾರಕ್ಕೆ ಈಗ ಬಂದೆ. ಹೊರಗೆ ಆಡಿಯ ಗಾಳಿ ಅಂಗಡಿಯ ಬ್ಯಾನರನ್ನು ಹೊಡೆಯುತ್ತಿತ್ತು. ಮುರುಗೇಶ ಎರಡು ಡಬ್ಬಗಳನ್ನೂ ತಂದು ಮೇಜಿನ ಮೇಲಿಟ್ಟು, “ಎರಡರಲ್ಲೂ ಒಂದೊಂದೇ ಪೀಸ್ ಇರೋದು. ಆಡಿ ಸೇಲು,” ಎಂದರು. ನಾನು ನೀರು ಕುಡಿಯಲು ಆ ಕಡೆ ತಿರುಗಿದೆ.

“ಹಸಿರು ಹಾಕಿ,” ಎಂಬ ದನಿ ಕೇಳಿತು. ಮಗಳದ್ದಲ್ಲ. ಪ್ರಭುವಿನದು.

“ಬ್ಯಾಡ, ಕೆಂಪು ಹಾಕಿ,” ಎಂದಳು ಗೋಮತಿ.

ನಾನು ಲೋಟ ಹಿಡಿದೇ ತಿರುಗಿ ನೋಡಿದೆ.

“ಚೌಡಮ್ಮ ನಿನ್ ಮಾತಿಗೆ ಸರಿ ಅಂದಿದಾಳೆ,” ಎಂದ ಪ್ರಭು. “ನಾನ್ ಅಡ್ಡ ಬಂದ್ರೆ ಪಾಪ. ಹಸಿರು.”

“ನಿಮ್ ಮಾತಿಗೂ ಸರಿ ಅಂದಿದಾಳೆ. ನಾನ್ ಮಾತ್ರ ಅಡ್ಡ ಬರ್ಬಹುದಾ? ಕೆಂಪು.”

“ಹಸಿರಲ್ಲಿ ಬೆಳಕು ಚೆನ್ನಾಗಿದೆ, ನೀನೇ ಹೇಳಿದ್ದು.”

“ನಡುವೆ ಹಾಕೋ ಚಿತ್ರ ಊಹೆ, ನೀವೇ ಹೇಳಿದ್ದು. ನಾನು ಓದಿ ನೋಡ್ದೆ. ನೀವ್ ಹೇಳಿದ್ದೇ ಸರಿ.”

“ನಾನೂ ಓದ್ದೆ. ನೀನ್ ಹೇಳಿದ್ದೇ ಸರಿ!”

“ಅಂದ್ರೆ ನಾನು ತಪ್ಪು ಓದಿದೀನಿ ಅಂತಾನಾ?”

ದನಿ ಏರಿತು. ಮೊದಲ ಜಗಳದಲ್ಲಿ ತಮ್ಮ ತಮ್ಮ ಮಾತಿಗೆ ತೋರಿಸದ ಹಟವನ್ನು ಈಗ ಒಬ್ಬರ ಮಾತಿಗೆ ಇನ್ನೊಬ್ಬರು ತೋರಿಸುತ್ತಿದ್ದರು. ಗೋಮತಿಯ ಕಣ್ಣಲ್ಲಿ ನೀರಿತ್ತು. “ನಂಗೋಸ್ಕರ ನೀವು ಸೋಲೋದ್ ಬ್ಯಾಡ. ನಾಳೆ ಮಾತ್ ಮಾತಿಗೂ ‘ಅವತ್ತು ನಿಂಗೋಸ್ಕರ ಬಿಟ್ಟೆ’ ಅಂತೀರಿ.”

“ಅದೇ ಮಾತು ನೀನ್ ಅಂದ್ರೆ ನಾನ್ ಏನ್ ಮಾಡ್ಲಿ?”

ತನ್ನದೇ ಬೇಕು ಎನ್ನುವವರಿಗೆ ಬುದ್ಧಿ ಹೇಳಬಹುದು. ನಿನ್ನದೇ ಇರಲಿ ಎಂದು ಕಚ್ಚಾಡುವವರಿಗೆ ಯಾರು ಏನು ಹೇಳುತ್ತಾರೆ? ಸರಸಕ್ಕನಂಥ ಸರಸಕ್ಕನೇ ಹಿಂದೆ ಸರಿದು ವಸಂತಳ ಪಕ್ಕ ನಿಂತಿದ್ದರು. ನೀರು ನನ್ನ ಚಪ್ಪಲಿಯೊಳಗೆ ಇಳಿದದ್ದು ಇದೇ ಹೊತ್ತಿನಲ್ಲಿ. ಮುಗಿಯಿತು, ಪತ್ರಿಕೆಯನ್ನು ಹೊಳೆಗೆ ಬಿಡಬೇಕಾದೀತು ಎಂದುಕೊಂಡೆ.

ಆಗ ಮೆಟ್ಟಿಲು ಹತ್ತಿ ಒಬ್ಬಳು ಹೆಣ್ಣುಮಗಳು ಬಂದಳು. ತಲೆಯಲ್ಲಿ ಹೆಲ್ಮೆಟ್ಟು, ಅದನ್ನು ತೆಗೆಯಲೂ ಇಲ್ಲ. ಇವರಿಬ್ಬರ ನಡುವೆ ಕೈ ಚಾಚಿ ಕೆಂಪು ಡಬ್ಬವನ್ನು ಎತ್ತಿ ಮುರುಗೇಶನ ಮುಂದೆ ಇಟ್ಟು, ಫೋನಿನಿಂದ ದುಡ್ಡು ಕಟ್ಟಿ, ಅವರು ಹರಿದು ಕೊಟ್ಟ ಬಿಲ್ಲು ತೆಗೆದುಕೊಂಡು, ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡು ಹೋದಳು. ಇಷ್ಟು ನಡೆಯುವಾಗ ಜಗಳ ಒಂದು ಮಾತೂ ನಿಂತಿರಲಿಲ್ಲ. ನಾನು ಎಲ್ಲವನ್ನೂ ನೋಡಿದೆ. ತಡೆಯಲಿಲ್ಲ. ತಡೆಯಬೇಕೆಂದು ಹೊಳೆಯಲೇ ಇಲ್ಲ.

ಕೆಳಗೆ ಸ್ಕೂಟರು ಹೊರಟ ಸದ್ದು ಕೇಳಿದ ಮೇಲೆ ಗೋಮತಿ ಕೈ ತೋರಿಸಿ, “ನಂಗೆ ಇದೇ...” ಎಂದು ನೋಡಿದಳು. ಅಲ್ಲಿ ಏನೂ ಇರಲಿಲ್ಲ.

“ಕೆಂಪು ಎಲ್ಲಿ?” ಎಂದ ಪ್ರಭು.

“ಮಾರಾಯ್ತು ಸರ್,” ಎಂದರು ಮುರುಗೇಶ.

ಇಬ್ಬರೂ ಆ ಖಾಲಿ ಜಾಗವನ್ನು ನೋಡುತ್ತಾ ನಿಂತರು. ನಾನು ಈಗ ಬರೆಯುವುದು ನಾನು ಸ್ಪಷ್ಟವಾಗಿ ಕೇಳಿದ ಮಾತು. ಇಬ್ಬರೂ ಒಂದೇ ಉಸಿರಿನಲ್ಲಿ ಅಂದರು: “ಅಯ್ಯೋ, ಅದೇ ಚೆನ್ನಾಗಿತ್ತಲ್ಲಾ!”

ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು.

“ನಮ್ ಮುಂದೇನೇ ಎತ್ಕೊಂಡ್ ಹೋದ್ಲಾ?” ಎಂದಳು ಗೋಮತಿ.

“ಹೆಲ್ಮೆಟ್ ಕೂಡ ತೆಗೀಲಿಲ್ಲ, ನೋಡು ಕೊಬ್ಬು,” ಎಂದ ಪ್ರಭು.

“ಕೇಳೋ ಮರ್ಯಾದೆ ಬೇಡ್ವಾ?”

“ಎಂಥಾ ಜನ ಗೋಮತಿ ಇದು?”

ಅವನು ಅವಳ ಹೆಸರು ಹಿಡಿದು ಕರೆದು ಎಷ್ಟೋ ದಿನವಾಗಿತ್ತು. ಸರಸಕ್ಕ ವಸಂತಳ ತೋಳು ಹಿಡಿದುಕೊಂಡು, ಅವರ ಮಟ್ಟಿಗೆ ಪಿಸುಮಾತಿನಲ್ಲಿ, ಅಂದರೆ ನನಗೂ ಮುರುಗೇಶನಿಗೂ ಕೇಳುವಂತೆ, ಹೇಳಿದರು: “ಬಿಡು ತಂಗಿ, ಇನ್ನು ಭಯ ಇಲ್ಲ. ಇಬ್ಬರಿಗೂ ಒಂದೇ ಕೊರಗು ಸಿಕ್ತು. ಬಾಳ್ತಾರೆ.”

ಉಳಿದ ಹಸಿರು ಡಬ್ಬವನ್ನು ಕೊಂಡೆವು. ಆಡಿ ಕಳೆದು ಆವಣಿ ತಿಂಗಳಲ್ಲಿ ಮದುವೆಯಾಯಿತು. ಸಾಂಬಾರು ಗಟ್ಟಿಯಾಗಿತ್ತು. ಟೆಂಪೋದಲ್ಲಿ ಕಂಪ್ಯೂಟರಿನ ಪಕ್ಕದಲ್ಲಿ ಒಂದು ಬೀರುವೂ ಹೋಯಿತು. ವಸಂತ ಅಮ್ಮನ ವಾಕ್ಕನ್ನು ಮೀರುವವಳಲ್ಲ.

ಇದನ್ನು ನಾನೊಬ್ಬನೇ ನೋಡಿದ್ದಲ್ಲ. ನಂಬದಿದ್ದರೆ ಕೇಳಬಹುದು, ನೋಡಿದವರೆಲ್ಲ ಇದ್ದಾರೆ. ನನ್ನ ಹೆಂಡತಿ ವಸಂತ ಇದ್ದಾಳೆ. ಅನ್ನೂರಿನಲ್ಲಿ ಸರಸಕ್ಕ ಇದ್ದಾರೆ, ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಅವರ ದನಿಯೇ ದಾರಿ ತೋರಿಸುತ್ತದೆ. ಮುರುಗೇಶ ಅದೇ ಮಹಡಿಯಲ್ಲಿ ಇದ್ದಾರೆ. ಕ್ಯಾನಿನ ಹತ್ತಿರ ಈಗ ಒಂದು ಗೋಣಿ ಹಾಸಿದ್ದಾರೆ. ಇನ್ನೊಬ್ಬಳು ಆ ಹೆಲ್ಮೆಟ್ಟಿನ ಹೆಣ್ಣುಮಗಳು. ಹೆಸರು ಗೊತ್ತಿಲ್ಲ, ಮುಖ ಕಂಡಿಲ್ಲ. ಭಾನುವಾರ ಮಗಳೂ ಅಳಿಯನೂ ಊಟಕ್ಕೆ ಬಂದಾಗಲೆಲ್ಲ ಅಕ್ಕಪಕ್ಕ ಕೂತು, ಒಬ್ಬರ ಮಾತಿಗೆ ಒಬ್ಬರು ಒಗ್ಗರಣೆ ಹಾಕುತ್ತಾ, ಅವಳನ್ನು ಬಯ್ಯುತ್ತಾರೆ. ಅವಳೂ ಎಲ್ಲೋ ಇದ್ದಾಳೆ. ನೂರು ವರ್ಷ ಇರಲಿ.